ಕವಿಯಿಲ್ಲದ ರಾಜಧಾನಿ

ಬೆಳಗಾವಿಗೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು ಒಂದೇ ಮಾತು: ಕುಂದಾ ತಂದ್ರಾ? ತಂದಿದ್ದೆ. ಬಂದ ಸಂಜೆಯೇ ಡಬ್ಬಿ ಬರಿದಾಯಿತು. ಏನೇನು ನೋಡಿದಿರಿ ಎಂಬುದು ಆಮೇಲಿನ ವಿಚಾರ. ಹಲಸಿಗೆ ಹೋಗಿದ್ದೆ ಎಂದರೆ ಎದುರಿನವರ ಮುಖದಲ್ಲಿ ಏನೂ ಏಳಲಿಲ್ಲ. ಕೇಳಿದವರೆಲ್ಲ ಬನವಾಸಿಯ ಸುತ್ತಮುತ್ತಲಿನವರು. ಮಧುಕೇಶ್ವರನ ತೇರು ಎಳೆದವರು, ಕದಂಬೋತ್ಸವದ ಜನಜಂಗುಳಿಯಲ್ಲಿ ಮಕ್ಕಳ ಕೈ ಹಿಡಿದು ಅಲೆದವರು, 1975ರ ‘ಮಯೂರ’ ಸಿನಿಮಾ ಟೀವಿಯಲ್ಲಿ ಬಂದಾಗಲೆಲ್ಲ ಕೆಲಸ ಬಿಟ್ಟು ಕೂರುವವರು. ಕದಂಬರೆಂದರೆ ತಮ್ಮದೇ ಕೇರಿಯವರು ಎಂಬಷ್ಟು ಸಲುಗೆ ಇವರಿಗೆ. ಅದೇ ಕದಂಬರಿಗೆ ಬಡಗಣದಲ್ಲಿ ಇನ್ನೊಂದು ರಾಜಧಾನಿ ಇತ್ತು, ಅದು ಇವತ್ತು ಖಾನಾಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ ಎಂಬುದು ಮಾತ್ರ ಗೊತ್ತಿಲ್ಲ. ನನಗೂ ಪುಸ್ತಕದಲ್ಲಷ್ಟೇ ಗೊತ್ತಿತ್ತು. ಹೋಗಿ ಬಂದು ತಿಂಗಳುಗಳೇ ಕಳೆದರೂ ಆ ಊರು ತಲೆಯಿಂದ ಇಳಿಯುತ್ತಿಲ್ಲ.

ನಾನು ಹೋದಾಗ ಬೆಳಗಾವಿಯಲ್ಲಿ ಆಷಾಢದ ಮಳೆ ಹಿಡಿದಿತ್ತು. ನಮ್ಮ ಶಿರಸಿ ಸೀಮೆಯ ಮಳೆ ಒಮ್ಮೆ ಹೊಯ್ದರೆ ಒಂದು ಗಳಿಗೆಯಾದರೂ ಬಿಡುವು ಕೊಡುತ್ತದೆ. ಇಲ್ಲಿಯದು ಹಾಗಲ್ಲ, ಸಣ್ಣಗೆ, ಎಡೆಬಿಡದೆ, ಗಾಳಿಯ ಜೊತೆ ಅಡ್ಡಡ್ಡ ಬಂದು ಕೊಡೆಯನ್ನು ಅಣಕಿಸುವಂಥದು. ಕೋಟೆಯೊಳಗೆ ಹೋಗಿ ಕಮಲ ಬಸದಿಯ ಮಂಟಪದಲ್ಲಿ ತಲೆಯೆತ್ತಿ ನಿಂತೆ. ಚಾವಣಿಯಿಂದ ಕೆಳಮುಖವಾಗಿ ಅರಳಿದ ಆ ಕಲ್ಲಿನ ತಾವರೆಯನ್ನು ನೋಡುತ್ತ ಕುತ್ತಿಗೆ ನೋಯುವವರೆಗೂ ಹೊರಗಿನ ಮಳೆ ಮರೆತುಹೋಯಿತು. ಇದನ್ನು ಕಟ್ಟಿಸಿದವನು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ, 1204ರಲ್ಲಿ. ಸವದತ್ತಿಯಲ್ಲಿದ್ದ ರಟ್ಟರು ಆ ಹೊತ್ತಿಗೆ ವೇಣುಗ್ರಾಮವನ್ನು, ಅಂದರೆ ಈ ಬೆಳಗಾವಿಯನ್ನು, ತಮ್ಮ ರಾಜಧಾನಿ ಮಾಡಿಕೊಂಡಿದ್ದರು.

ಕೋಟೆಯ ಹೊರಗೆ ಚಹಾದಂಗಡಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ಮಾತಿಗೆ ಸಿಕ್ಕರು. ಎಲ್ಲಿಯವರು ಎಂದು ಕೇಳಿದರು, ಹೇಳಿದೆ. ಹಲಸಿಗೆ ಇದೇ ಮೊದಲ ಸಲ ಹೋಗುತ್ತಿದ್ದೇನೆ ಎಂದಾಗ ಬಸಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

“ಬನವಾಸಿ ಕಡೀಯವ್ರು ಅಂತೀರಿ, ಹಲಸಿ ನೋಡಿಲ್ಲ ಅಂತೀರಿ. ಸ್ವಂತ ಕಾಕಾನ ಮನಿ ಹೊಸ್ತಿಲಾ ತುಳದಿಲ್ಲ ಅಂದಂಗಾತು ನೋಡ್ರಿ.”

ಆಮೇಲೆ ಅವರೇ ಒಂದು ಮಾತು ಸೇರಿಸಿದರು: “ಈ ಬೆಳಗಾವಿ ದೊಡ್ಡದಾಗಿದ್ದು ಹಲಸಿ ಸಣ್ಣದಾದ ಮ್ಯಾಲೆ. ಅದನ್ನ ಯಾರೂ ಹೇಳೂದಿಲ್ಲ.” ಮಾಸ್ತರಿಕೆಯ ಮಾತು; ಇತಿಹಾಸ ಅಷ್ಟು ನೇರವಾಗಿ ನಡೆಯುವುದಿಲ್ಲ. ಆದರೂ ಒಂದು ಕಾಲದಲ್ಲಿ ಪಲಸಿಗೆ ಹನ್ನೆರಡು ಸಾವಿರ ಎಂದು ಹೆಸರಾದ ನಾಡಿನ ಮುಖ್ಯಪಟ್ಟಣ ಹಲಸಿ. ಇವತ್ತು ಈ ಕಡೆಯ ಎಲ್ಲ ದಾರಿಗಳೂ ಬೆಳಗಾವಿಗೆ ಬರುತ್ತವೆ, ಹಲಸಿಯ ದಾರಿಯೂ ಸೇರಿ.

ಖಾನಾಪುರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಪೀರನವಾಡಿಯಲ್ಲಿ ಜಾಂಬೋಟಿ, ಚೋರ್ಲಾ ಘಾಟಿನ ಕಡೆಗೆ ಹೋಗುವ ದಾರಿ ಕವಲೊಡೆಯುತ್ತದೆ. ಅಲ್ಲಿ ಶಿವಾಜಿಯ ಪ್ರತಿಮೆ ಇದೆ, ಸಂಗೊಳ್ಳಿ ರಾಯಣ್ಣನದೂ ಇದೆ. 2020ರ ಆಗಸ್ಟಿನಲ್ಲಿ ಈ ಪ್ರತಿಮೆಗಳ ಸಲುವಾಗಿ ದೊಡ್ಡ ಗದ್ದಲವೇ ನಡೆದಿತ್ತು. ಕೊನೆಗೆ ಇಬ್ಬರೂ ಉಳಿದರು. ಇಬ್ಬರೂ ಒಂದೇ ಮಳೆಯಲ್ಲಿ ನೆನೆಯುತ್ತಿದ್ದರು. ಅಷ್ಟರಲ್ಲಿ ಗೋವಾದ ಕಡೆಯಿಂದ ಒಂದು ಬಸ್ಸು ಕೆಸರು ಸಿಡಿಸುತ್ತ ಬಂತು. ಮೈಮೇಲೆ ‘ಕದಂಬ’ ಎಂಬ ಹೆಸರು. ಗೋವಾ ಸರ್ಕಾರದ ಸಾರಿಗೆ ನಿಗಮಕ್ಕೆ 1980ರಿಂದಲೂ ಅದೇ ಹೆಸರು. ನಮ್ಮಲ್ಲಿ ಕದಂಬರು ಉತ್ಸವದಲ್ಲಿ ಬರುತ್ತಾರೆ, ಗೋವಾದಲ್ಲಿ ದಿನಾ ಬೆಳಿಗ್ಗೆ ಟಿಕೆಟ್ ಹರಿದು ಕೊಡುತ್ತಾರೆ. ಯಾವುದು ಹೆಚ್ಚಿನ ಗೌರವ ಎಂದು ತೀರ್ಮಾನಿಸುವುದು ನನ್ನಿಂದಾಗಲಿಲ್ಲ.

ಪಕ್ಕದಲ್ಲಿ ಕೂತಿದ್ದ ಮುದುಕಿ ಮೊದಲು ಮರಾಠಿಯಲ್ಲಿ ಕೇಳಿದಳು, ನಾನು ತಡವರಿಸಿದ್ದು ಕಂಡು ಕನ್ನಡಕ್ಕೆ ಹೊರಳಿದಳು. ಈ ಹೊರಳುವಿಕೆಯಲ್ಲಿ ಸಿಟ್ಟೂ ಇರಲಿಲ್ಲ, ಉಪಕಾರದ ಠೀವಿಯೂ ಇರಲಿಲ್ಲ.

“ಹಲಶೀಗಿ ಯಾಕ ಹೊಂಟೀರಿ? ಅಲ್ಲಿ ನಿಮ್ಮ ಮಂದಿ ಅದಾರೇನು?”

“ಇಲ್ಲ ಆಯೀ, ಗುಡಿ ನೋಡಾಕ.”

“ನೋಡ್ರಿ. ದೇವ್ರು ಅದಾನ. ಬ್ಯಾರೆ ಏನೂ ಇಲ್ಲ ಅಲ್ಲಿ.”

ಖಾನಾಪುರ ಹೆಂಚಿನ ಊರು, ಮಣ್ಣಿನ ಊರು. ಇಲ್ಲಿಯ ಜೇಡಿಮಣ್ಣಿಗೆ ಕುಂಬಾರಿಕೆಯ ದೊಡ್ಡ ಹೆಸರಿದೆ. ಹೊಸ ಕಾಂಕ್ರೀಟು ಎಷ್ಟೇ ಎದ್ದಿದ್ದರೂ ಹಳೆಯ ಓಣಿಗಳಲ್ಲಿ ಮಳೆನೀರು ಹೆಂಚಿನ ಸಾಲಿನಿಂದ ದಾರದಂತೆ ಇಳಿಯುವುದನ್ನು ನಿಂತು ನೋಡಬಹುದು. ಊರ ಅಂಚಿನಲ್ಲಿ ಮಲಪ್ರಭೆ ಕೆಂಪಾಗಿ ಹರಿಯುತ್ತಿದ್ದಳು. ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ, ಬಾದಾಮಿಗಳ ಕಡೆ ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿ. ನಮ್ಮ ವರದೆ ತುಂಗಭದ್ರೆಗೆ ಬಿದ್ದು ಬಹಳ ದೂರ ಹೋಗಿ ಅದೇ ಕೃಷ್ಣೆಗೆ ಸೇರುತ್ತದೆ. ಎರಡು ರಾಜಧಾನಿಗಳ ಮಳೆನೀರೂ ಕೊನೆಗೆ ಒಂದೇ ಕಡಲಿಗೆ ಹೋಗುತ್ತದೆ ಎಂಬ ಲೆಕ್ಕ ಹಾಕುತ್ತ ಖಾನಾವಳಿಗೆ ನುಗ್ಗಿದೆ. ಬಿಸಿ ಅನ್ನ, ಆಮಟಿ, ಮೊಳಕೆಕಾಳಿನ ಉಸಳ, ಒಂದು ಲೋಟ ಸೋಲಕಡಿ. ಸೋಲಕಡಿ ಬಾಯಿಗೆ ತಾಗಿದ್ದೇ ತಡ ಮನೆ ನೆನಪಾಯಿತು. ನಮ್ಮಲ್ಲಿ ಮುರುಗಲೆಂದು ಒಣಗಿಸಿಡುವ ಹಣ್ಣೇ ಇದು. ಇಲ್ಲಿ ತೆಂಗಿನ ಹಾಲು ಸೇರಿ ಮೆದುವಾಗಿದೆ, ನಮ್ಮ ಕಡೆ ನೀರಾಗಿ ಖಾರವಾಗಿದೆ. ಘಟ್ಟದ ಅಂಚಿಗೆ ಬದುಕುವ ಜನಕ್ಕೆ ಭಾಷೆ ಯಾವುದಾದರೂ ಇರಲಿ, ಹುಳಿ ಒಂದೇ.

ಹಲಸಿಗೆ ನಂದಗಡದ ಮೇಲೆ ಹೋಗಬೇಕು. ನಂದಗಡವನ್ನು ಹಾದು ಹೋಗುವವರು ಅಲ್ಲಿ ಇಳಿಯದೆ ಹೋಗಲಾರರು. 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ್ದು ಇಲ್ಲೇ. ಸಮಾಧಿಯ ಮೇಲಿನ ಆಲದ ಮರಕ್ಕೆ ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಪುಟ್ಟ ತೊಟ್ಟಿಲು ಕಟ್ಟಿದ್ದಾರೆ. ಮಳೆಯಲ್ಲಿ ನೆಂದ ಆ ತೊಟ್ಟಿಲುಗಳ ಕೆಳಗೆ ನಿಂತಾಗ ಗಲ್ಲಿಗೇರಿದವನ ಸಮಾಧಿಯಲ್ಲಿ ಸಂತಾನ ಬೇಡುವ ಜನರ ಧೈರ್ಯ ದೊಡ್ಡದು ಅನ್ನಿಸಿತು. ಕಂಪನಿ ಸರ್ಕಾರ ಯಾರನ್ನು ಇಲ್ಲವಾಗಿಸಲು ಹೊರಟಿತ್ತೋ ಅವನ ಹತ್ತಿರವೇ ಜೀವ ಕೇಳುತ್ತಾರೆ.

ರಾಯಣ್ಣನ ಮೇಲೆ ಜನ ಕಟ್ಟಿ ಹಾಡಿದ ಲಾವಣಿಯನ್ನು 19ನೇ ಶತಮಾನದ ಕೊನೆಯಲ್ಲಿ ಸಂಗ್ರಹಿಸಿ ಅಚ್ಚು ಹಾಕಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ರಾಯಣ್ಣನನ್ನು ಕೊಂದ ಆಡಳಿತದ ನೌಕರನೇ ಅವನ ಹಾಡನ್ನೂ ಉಳಿಸಿದ. ಅದೇ ಫ್ಲೀಟ್ ಇಲ್ಲಿಂದ ಹರದಾರಿಗಳಾಚೆ ಇರುವ ಹಲಸಿಯ ತಾಮ್ರಪಟಗಳನ್ನೂ ಓದಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ. ನಂದಗಡದಿಂದ ಹಲಸಿಗೆ ಹೋಗುವ ದಾರಿಯಲ್ಲಿ, ಊರ ಹೊರಗೆ, ಚಕ್ರತೀರ್ಥ ಎಂಬ ಸಣ್ಣ ಬಾವಿಯ ಬಳಿಯ ಮಣ್ಣಿನ ದಿಬ್ಬದಲ್ಲಿ ಅವು ಸಿಕ್ಕಿದ್ದವು.

ಈ ಎರಡು ಊರುಗಳ ನಡುವಿನ ದಾರಿಯಲ್ಲೇ ನನ್ನ ತಲೆಯೊಳಗೆ ಒಂದು ವಿಚಾರ ಹೊಕ್ಕಿತು, ಇವತ್ತಿಗೂ ಬಿಟ್ಟಿಲ್ಲ. ಬನವಾಸಿಗೆ ಪಂಪ ಸಿಕ್ಕ. ಅವನು ‘ವಿಕ್ರಮಾರ್ಜುನ ವಿಜಯ’ದಲ್ಲಿ ಆ ನಾಡನ್ನು ಹಂಬಲಿಸಿದ್ದೇ ಸಾಕಾಯಿತು, ಸಾವಿರ ವರ್ಷ ಕಳೆದರೂ ಕನ್ನಡದ ಮಕ್ಕಳು ನೋಡದ ಊರಿಗಾಗಿ ಹಂಬಲಿಸುತ್ತಾರೆ. ನಂದಗಡಕ್ಕೆ ಲಾವಣಿಕಾರರು ಸಿಕ್ಕರು. ಹಲಸಿಗೆ ಸಿಕ್ಕಿದ್ದು ಕರಣಿಕ. ಯಾರಿಗೆ ಎಷ್ಟು ಭೂಮಿ, ಯಾವ ಊರಿನ ಹುಟ್ಟುವಳಿ ಯಾವ ಖರ್ಚಿಗೆ, ತಪ್ಪಿದವನಿಗೆ ಯಾವ ಪಾಪ ಎಂದು ಬರೆದವನು.

ಹಾಗೆಂದು ಕಥೆಗೆ ಬರವಿಲ್ಲ. ಆ ತಾಮ್ರಪಟಗಳಲ್ಲಿ ಒಂದು ಕದಂಬರ ಕಾಕುಸ್ಥವರ್ಮನದು. ಹಲ್ಮಿಡಿಯ ಕನ್ನಡ ಶಾಸನದಲ್ಲಿ ಹೆಸರು ಬರುವ ಕಾಕುಸ್ಥನೇ ಇವನು. ಸೇನಾಪತಿ ಶ್ರುತಕೀರ್ತಿಗೆ ಖೇಟ ಗ್ರಾಮದಲ್ಲಿ ಬದೋವರ ಕ್ಷೇತ್ರವೆಂಬ ಹೊಲವನ್ನು ಕೊಟ್ಟ. ಕಾಕುಸ್ಥನ ಮೊಮ್ಮಗ ಮೃಗೇಶವರ್ಮ ತೀರಿಕೊಂಡ ತಂದೆಯ ಹೆಸರಿನಲ್ಲಿ ಪಲಾಶಿಕೆಯಲ್ಲಿ, ಅಂದರೆ ಈ ಹಲಸಿಯಲ್ಲಿ, ಜಿನಾಲಯ ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಪಂಗಡದ ಜೈನರಿಗೂ ಸೇರಿಸಿ 33 ನಿವರ್ತನ ಭೂಮಿ ಬಿಟ್ಟ. ಮೃಗೇಶನ ಮಗ ರವಿವರ್ಮ ವಿಷ್ಣುವರ್ಮನೇ ಮೊದಲಾದ ಅರಸರನ್ನು ಕೊಂದು, ಕಂಚಿಯ ಚಂಡದಂಡನನ್ನು ಬುಡಮೇಲು ಮಾಡಿ ಪಲಾಶಿಕೆಯಲ್ಲಿ ನೆಲೆನಿಂತ. ಒಂದಲ್ಲ, ಎರಡು ಸಿನಿಮಾಕ್ಕೆ ಸಾಲುವ ಸರಕು. ಆದರೆ ತಾಮ್ರಪಟವು ಈ ಯುದ್ಧವನ್ನು ಒಂದೆರಡು ಸಾಲಿನಲ್ಲಿ ಮುಗಿಸಿ ದಾನದ ವಿವರಕ್ಕೆ ಹೋಗಿಬಿಡುತ್ತದೆ.

ಹಲಸಿಯಲ್ಲಿ ಇಳಿದಾಗ ಕಂಡದ್ದು ಇಷ್ಟು: ಜಂಬಿಟ್ಟಿಗೆ ಗೋಡೆಯ ಹೆಂಚಿನ ಮನೆಗಳು, ಅಂಗಳದಲ್ಲಿ ತುಳಸಿಕಟ್ಟೆ, ಊರಂಚಿನ ಗದ್ದೆಗಳಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರ ಬಾಗಿದ ಬೆನ್ನುಗಳು, ಕಂಬಳಿಕೊಪ್ಪೆಯೊಳಗಿಂದ ಎಮ್ಮೆಯನ್ನು ಗದರಿಸುತ್ತಿದ್ದ ಒಬ್ಬ ಮುದುಕ. ರಾಜಧಾನಿ ಎಂದು ನಂಬಿಸಲು ಊರು ಯಾವ ಪ್ರಯತ್ನವನ್ನೂ ಮಾಡುತ್ತಿರಲಿಲ್ಲ. ಹಂಪಿಗೆ ಹೋದರೆ ಬಿದ್ದದ್ದು ಕಾಣುತ್ತದೆ. ಯಾರೋ ಸುಟ್ಟದ್ದು, ಒಡೆದದ್ದು ಕಾಣುತ್ತದೆ. ಹಲಸಿಯಲ್ಲಿ ಹಾಗೆ ಏನೂ ಕಾಣುವುದಿಲ್ಲ. ಪಟ್ಟಣ ನಿಧಾನಕ್ಕೆ ಗದ್ದೆಯಾಗಿದೆ, ಗದ್ದೆ ಚೆನ್ನಾಗಿಯೇ ಬೆಳೆಯುತ್ತಿದೆ.

ಭೂವರಾಹ ನರಸಿಂಹ ದೇವಾಲಯ ಮಾತ್ರ ಊರಿನ ಅಳತೆಗೆ ಮೀರಿದ್ದು. ಮೆಟ್ಟಿಲು ಮೆಟ್ಟಿಲಾಗಿ ಏರುವ ಕದಂಬ ಶಿಖರ, ಸುತ್ತ ಸಣ್ಣ ಗುಡಿಗಳು. ಬನವಾಸಿಯ ಮೊದಲ ಕದಂಬರು ಹೋಗಿ ಎಷ್ಟೋ ಶತಮಾನಗಳ ಮೇಲೆ ಬಂದ ಗೋವೆಯ ಕದಂಬರಿಗೂ ಹಲಸಿ ಎರಡನೆಯ ಮನೆಯಾಗಿತ್ತು. ಅವರಲ್ಲಿ ಶಿವಚಿತ್ತ ಪೆರ್ಮಾಡಿ ನರಸಿಂಹ ದೇವರಿಗೆ ದತ್ತಿ ಬಿಟ್ಟದ್ದು 1169ರಲ್ಲಿ. ಈ ಅರಸರು ಶಕವರ್ಷದ ಬದಲು ಕಲಿಯುಗದ ವರ್ಷ ಬರೆಸುತ್ತಿದ್ದರು. ಶಾಸನದ ಲೆಕ್ಕದಲ್ಲಿ ಅದು ಕಲಿವರ್ಷ 4270.

ಒಳಗೆ ಎರಡು ಗರ್ಭಗುಡಿಗಳು ಎದುರುಬದುರು. ಒಂದು ಕಡೆ ನರಸಿಂಹ, ಇನ್ನೊಂದು ಕಡೆ ಆಳೆತ್ತರದ ಭೂವರಾಹ. ನಡುವೆ ಇಬ್ಬರಿಗೂ ಸೇರಿದ ಒಂದೇ ಮಂಟಪ. ಮಳೆ ಜೋರಾಯಿತು, ಹೊರಗೆ ಹೋಗುವ ಹಾಗಿರಲಿಲ್ಲ. ನಾನು ವರಾಹನಿಗೆ ಕೈಮುಗಿದು ನಿಂತಿದ್ದಾಗ ಅರ್ಚಕರು ಹಿಂದಿನಿಂದ ಮೆಲ್ಲಗೆ ಹೇಳಿದರು:

“ಹಿಂಗ ನಿಂತ್ರ ನರಸಿಂಹಗ ಬೆನ್ನು ಬೀಳತೈತ್ರಿ. ಆ ಕಡೆ ತಿರುಗಿದ್ರ ವರಾಹಗ. ಅದಕ್ಕ ಅಡ್ಡ ನಿಲ್ರಿ. ನಾವೆಲ್ಲಾ ಅಡ್ಡ ನಿಲ್ಲೂದ.”

ಅಡ್ಡ ನಿಂತೆ. ಎಡಗಣ್ಣಿನ ಅಂಚಿನಲ್ಲಿ ಒಬ್ಬ, ಬಲಗಣ್ಣಿನ ಅಂಚಿನಲ್ಲಿ ಒಬ್ಬ. ಯಾರೂ ಪೂರ್ತಿ ಕಾಣುವುದಿಲ್ಲ, ಯಾರೂ ತಪ್ಪಿಹೋಗುವುದಿಲ್ಲ. ಪೀರನವಾಡಿಯ ಇಬ್ಬರು ನೆನಪಾದರು. ಖಾನಾಪುರ ತಾಲ್ಲೂಕಿನ ಜನರ ಬದುಕೇ ಹೀಗೆ ಅಡ್ಡ ನಿಂತದ್ದು. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಕೆಲಸಕ್ಕೆ ಗೋವಾಕ್ಕೆ ಹೋದರೆ ಕೊಂಕಣಿ. ಗಡಿವಿವಾದದ ಮೇಲಿನ 1967ರ ಮಹಾಜನ ವರದಿ ಖಾನಾಪುರ, ನಂದಗಡಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತು, ಬೆಳಗಾವಿ ಇಲ್ಲೇ ಇರಬೇಕೆಂದಿತು. ನಕ್ಷೆ ಬದಲಾಗಲಿಲ್ಲ, ವಾದ ನಿಲ್ಲಲಿಲ್ಲ. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಎದ್ದಿತು. ಈ ವಾದದಲ್ಲಿ ಹಲಸಿಯನ್ನು ನಾವು ಸಾಕ್ಷಿಗೆ ಕರೆಯುತ್ತೇವೆ: ನೋಡಿ, ಕನ್ನಡದ ಮೊದಲ ರಾಜಮನೆತನದ ರಾಜಧಾನಿ ಇದು ಎಂದು. ಸಾಕ್ಷಿ ನಿಜವೇ. ಆದರೆ ಕರೆಯುವವರಲ್ಲಿ ಎಷ್ಟು ಮಂದಿ ಆ ಊರಿನ ಮಂಟಪದಲ್ಲಿ ನಿಂತಿದ್ದಾರೆ? ದಿನಾ ನೀರು ಹೊತ್ತು, ದೀಪ ಹಚ್ಚಿ, ಎಂಟೂವರೆ ಶತಮಾನಗಳ ಗುಡಿಯನ್ನು ಗುಡಿಯಾಗಿಯೇ ಉಳಿಸಿದವರು ಮರಾಠಿಯಲ್ಲಿ ಮಾತಾಡುವ ಈ ಹಳ್ಳಿಯವರು. ನಾವು ಉಳಿಸಿದ್ದು ಪುಸ್ತಕದಲ್ಲಿ, ಅವರು ಉಳಿಸಿದ್ದು ಎಣ್ಣೆಯಲ್ಲಿ.

ಮಳೆ ತುಸು ಇಳಿದಾಗ ಶಾಲೆ ಬಿಟ್ಟು ಬಂದ ಹುಡುಗನೊಬ್ಬ ‘ಜೈನ ಬಸ್ತಿ’ ತೋರಿಸುತ್ತೇನೆ ಎಂದು ಮುಂದೆ ಓಡಿದ. ಮೃಗೇಶವರ್ಮನ ಕಾಲದ್ದೆಂದು ಹೇಳುವ, ಕೆಂಪು ಜಂಬಿಟ್ಟಿಗೆಯ ಸಣ್ಣ ಕಟ್ಟಡ ಅದು. ಕೆತ್ತನೆ ಇಲ್ಲ, ಬೆಡಗಿಲ್ಲ. ಕಮಲ ಬಸದಿಯ ತಾವರೆ ನೋಡಿ ಬಂದ ಕಣ್ಣಿಗೆ ಮೊದಲು ನಿರಾಸೆಯೇ ಆಯಿತು. ಕಲ್ಲು ಮಳೆ ಕುಡಿದು ಕಪ್ಪಾಗಿತ್ತು, ಪಾಚಿ ಅಂಗೈದಪ್ಪ ಬೆಳೆದಿತ್ತು.

“ಇಲ್ಲಿ ರಾಜಾ ಇದ್ದನಂತ. ಖರೇನ ಕಾಕಾ?” ಹುಡುಗ ಕೇಳಿದ.

ಖರೇ ಎಂದೆ. ರಾಜನ ಕಥೆ ಹೇಳಲು ಹೊರಟವನು ಯುದ್ಧ ಬಿಟ್ಟು ರವಿವರ್ಮನ ಇನ್ನೊಂದು ತಾಮ್ರಪಟದ ವಿಷಯ ಹೇಳಿದೆ. ಪ್ರತಿವರ್ಷ ಕಾರ್ತಿಕದ ಹುಣ್ಣಿಮೆಗೆ ಎಂಟು ದಿನ ಜಿನೇಂದ್ರನ ಉತ್ಸವ ನಡೆಯಬೇಕು, ಅದರ ಖರ್ಚು ಒಂದು ಊರಿನ ಹುಟ್ಟುವಳಿಯಿಂದ ಬರಬೇಕು, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಊಟ ನಡೆಯಬೇಕು ಎಂದು ಅದರಲ್ಲಿ ಕಟ್ಟು ಮಾಡಿದ್ದಾನೆ. ಪೂಜೆ ನಡೆಸುವ ಹೊಣೆಯನ್ನು ನಾಡಿನವರಿಗೂ ಪಟ್ಟಣದವರಿಗೂ ಒಪ್ಪಿಸಿದ್ದಾನೆ.

ಹುಡುಗ ಯೋಚಿಸಿ ಕೇಳಿದ: “ಊಟಕ್ಕ ಏನ್ ಮಾಡ್ತಿದ್ರು?”

ತಾಮ್ರಪಟದಲ್ಲಿ ಆ ವಿವರವಿಲ್ಲ. ಅನ್ನವೇ ಇದ್ದಿರಬೇಕು ಎಂದೆ, ಸುತ್ತಲಿನ ಗದ್ದೆ ತೋರಿಸಿ. ಅವನಿಗೆ ಒಪ್ಪಿಗೆಯಾಯಿತು.

ಪುಸ್ತಕದಲ್ಲಿ ಓದಿದಾಗ ಆ ನಾಲ್ಕು ತಿಂಗಳ ಮಾತು ನನಗೆ ಜೈನರ ಚಾತುರ್ಮಾಸದ ನಿಯಮ ಮಾತ್ರವಾಗಿ ಕಂಡಿತ್ತು. ಜೀವಹಿಂಸೆಯಾದೀತೆಂದು ಮುನಿಗಳು ಮಳೆಗಾಲದಲ್ಲಿ ಸಂಚರಿಸುವುದಿಲ್ಲ, ಒಂದೇ ಕಡೆ ನಿಲ್ಲುತ್ತಾರೆ, ಸರಿ. ಆದರೆ ಖಾನಾಪುರದ ಮಳೆಯಲ್ಲಿ ಆ ಬಸದಿಯ ಮುಂದೆ ನಿಂತಾಗ ಅದರ ತೂಕ ಬೇರೆಯಾಯಿತು. ಇಲ್ಲಿ ನಾಲ್ಕು ತಿಂಗಳು ಮಳೆಯೆಂದರೆ ದಾರಿ ಕೆಸರು, ಹಳ್ಳ ತುಂಬಿ ಆಚೆ ಊರಿಗೆ ಹೋಗಲಾಗದು, ಹೊಸ ಬೆಳೆ ಇನ್ನೂ ಗದ್ದೆಯಲ್ಲಿ, ಹಳೆಯ ದವಸ ಕಣಜದ ತಳದಲ್ಲಿ. ಮನೆಯವರ ಊಟಕ್ಕೇ ಲೆಕ್ಕ ಹಾಕುವ ಹೊತ್ತು ಅದು. ಆ ಹೊತ್ತಿನಲ್ಲಿ ಹೊರಗಿನಿಂದ ಬಂದು ತಂಗಿದವರ ಹಸಿವು ಯಾರ ಮೇಲೂ ಹೊರೆಯಾಗಬಾರದು, ಯಾರ ದಯೆಗೂ ಬೀಳಬಾರದು ಎಂದು ಒಂದು ಊರಿನ ಉತ್ಪನ್ನವನ್ನೇ ಕಟ್ಟಿಟ್ಟಿದ್ದಾರೆ, ಅದನ್ನು ತಾಮ್ರದಲ್ಲಿ ಕೊರೆಸಿದ್ದಾರೆ. ಪಂಪನ ಬನವಾಸಿಯಲ್ಲಿ ಕೋಗಿಲೆ, ಮಾಮರ, ಮಲ್ಲಿಗೆ ಎಲ್ಲ ಇವೆ. ನಾನು ಆ ಊರಿನ ನೆರೆಯವನಾಗಿ ಹೇಳುತ್ತೇನೆ, ಈ ಲೆಕ್ಕದ ಸಾಲು ಅದಕ್ಕಿಂತ ಕಡಿಮೆಯದಲ್ಲ.

ಹುಡುಗನ ಮನೆ ದಾರಿಯಲ್ಲೇ ಇತ್ತು. ಅವನ ಅಜ್ಜಿ ನನ್ನ ಒದ್ದೆ ಅವತಾರ ನೋಡಿ ಒಳಗೆ ಕರೆದಳು. ಒಲೆಯ ಮುಂದೆ ಕೂರಿಸಿ ಅಕ್ಕಿಯ ಭಾಕರಿ, ಹಸಿಮೆಣಸಿನಕಾಯಿ ಠೇಚಾ, ಗಟ್ಟಿ ಮೊಸರು ಬಡಿಸಿದಳು. ಧಾರವಾಡದ ಕಡೆ ಜೋಳದ ರೊಟ್ಟಿ ತಿಂದು ಅಭ್ಯಾಸವಿರುವವರಿಗೆ ಈ ಭಾಕರಿ ಮೆತ್ತಗೆ ಅನ್ನಿಸುತ್ತದೆ. ನಮ್ಮ ಮಲೆನಾಡಿನ ಅಕ್ಕಿರೊಟ್ಟಿಗಿಂತ ದಪ್ಪ. ಠೇಚಾ ಕಣ್ಣಲ್ಲಿ ನೀರು ತರಿಸಿತು. ಅಜ್ಜಿ ನಕ್ಕು ಇನ್ನೊಂದು ಚಮಚ ಮೊಸರು ಹಾಕಿದಳು. ಅವಳಿಗೆ ಕನ್ನಡ ಅಷ್ಟಕ್ಕಷ್ಟೇ, ನನಗೆ ಮರಾಠಿ ಅದಕ್ಕಿಂತ ಕಡಿಮೆ. ಹುಡುಗ ನಡುವೆ ಕೂತು ಇಬ್ಬರ ಮಾತನ್ನೂ ತನಗೆ ತಿಳಿದಂತೆ ತಿದ್ದಿ ಸಾಗಿಸುತ್ತಿದ್ದ. ಬಸದಿಯಲ್ಲಿ ಕೇಳಿದ್ದನ್ನು ಅಜ್ಜಿಗೆ ವರದಿ ಮಾಡಿದ. ರಾಜ, ಎಂಟು ದಿನದ ಹಬ್ಬ, ನಾಲ್ಕು ತಿಂಗಳ ಊಟ. ಅಜ್ಜಿ ಕೇಳಿಸಿಕೊಂಡು ಮರಾಠಿಯಲ್ಲಿ ಏನೋ ಅಂದಳು. ಏನೆಂದಳು ಎಂದೆ. “ಹಂಗ ಮಾಡೂದು ಬರೋಬರಿ ಐತಿ ಅಂತಾಳ,” ಎಂದ ಹುಡುಗ.

ತಾನು ಹುಟ್ಟಿ ಬೆಳೆದ ಊರಿನ ಹೆಸರು ತಾಮ್ರದಲ್ಲಿ ಬಂದಿರುವುದು, ಅದರಲ್ಲಿ ಊಟದ ಏರ್ಪಾಡು ಇರುವುದು ಅವನಿಗೆ ಆ ದಿನ ಗೊತ್ತಾಯಿತು. ಶಾಲೆಯಲ್ಲಿ ಯಾರೂ ಹೇಳಿರಲಿಲ್ಲವಂತೆ. ತಾಮ್ರಪಟಗಳಲ್ಲಿ ಏನಿದೆ ಎಂದು ತಿಳಿಸುವ ಫಲಕವೊಂದು ಊರಿನಲ್ಲಿ ನನ್ನ ಕಣ್ಣಿಗೂ ಬೀಳಲಿಲ್ಲ. ಕದಂಬೋತ್ಸವಕ್ಕೆ ಖರ್ಚಾಗುವ ಹಣದಲ್ಲಿ ಒಂದು ಚಪ್ಪರದ ಬಾಡಿಗೆ ಉಳಿಸಿದರೂ ಸಾಕು, ಹಲಸಿಯ ಗುಡಿಯ ಬಾಗಿಲಲ್ಲೂ ಬಸದಿಯ ಮುಂದೆಯೂ ಆ ಮಾತುಗಳನ್ನು ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ ಬರೆಸಿ ನಿಲ್ಲಿಸಬಹುದು. ಎರಡು ಲಿಪಿಯೇ ಎಂದು ಯಾರಾದರೂ ಹುಬ್ಬೇರಿಸಿದರೆ ಗೋವೆಯ ಕದಂಬರನ್ನೇ ತೋರಿಸಿ: ಕಲ್ಲಿನ ಮೇಲೆ ಕನ್ನಡ ಲಿಪಿಯಲ್ಲೂ ಬರೆಸಿದರು, ಚಿನ್ನದ ನಾಣ್ಯದ ಮೇಲೆ ನಾಗರಿಯಲ್ಲೂ ಬರೆಸಿದರು, ಅವರ ರಾಜ್ಯಕ್ಕೆ ಅದರಿಂದ ಏನೂ ಆಗಲಿಲ್ಲ. ಯುದ್ಧದ ವಿವರ ಬೇಕಿದ್ದರೆ ಕೆಳಗೆ ಸಣ್ಣಕ್ಷರದಲ್ಲಿ ಇರಲಿ. ಮೇಲೆ, ದೊಡ್ಡದಾಗಿ, ಮಳೆಗಾಲದ ನಾಲ್ಕು ತಿಂಗಳ ಊಟದ ಸಾಲು ಇರಬೇಕು.